ದೇವರ ಜಗಲಿ ಏರಿದ ಪದಕ

ನಮ್ಮ ಯಂಕಂಚಿಯ ರೇವಪ್ಪ ಕಾರ್ಗಿಲ್ ಯುದ್ಧದಲ್ಲಿ, ಗುಂಡಿನ ಮಳೆಯ ನಡುವೆ, ಗಾಯಗೊಂಡ ಸುಬೇದಾರನನ್ನು ಹೊತ್ತು ತಂದವನು. ಕೇಳಿದರೆ, "ಜ್ವಾಳದ ಚೀಲಕ್ಕಿಂತ ಹಗುರಿದ್ದ" ಎಂದಷ್ಟೇ ಹೇಳಿ ಮೀಸೆ ತಿರುವುತ್ತಾನೆ. ಶೌರ್ಯ ಪ್ರಶಸ್ತಿ ಘೋಷಣೆಯಾದಾಗ ಮೊದಲು ಸಿಕ್ಕಿದ್ದು ಎದೆಗೆ ಚುಚ್ಚಿಕೊಳ್ಳುವ ಬೆರಳುದ್ದದ ರಿಬ್ಬನ್. ಪದಕ ಬಂದದ್ದು ಮರುವರ್ಷ. ಅದನ್ನು ಹೆಂಡತಿ ಗುರವ್ವ ದೇವರ ಜಗಲಿಯ ಮೇಲಿಟ್ಟಳು. ದೇವರ ಪಕ್ಕ ಕೂತ ಮೇಲೆ ಬಿಟ್ಟಾಳೆಯೇ? ಇಪ್ಪತ್ತೈದು ವರ್ಷ, ಪ್ರತಿ ಸೋಮವಾರ, ದೀಪದ ಸಮೆ, ಆರತಿ ತಟ್ಟೆಗಳ ಜೊತೆ ಅದಕ್ಕೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು.

ಈ ಸಲದ ಆಗಸ್ಟ್ ಹದಿನೈದಕ್ಕೆ ಊರ ಶಾಲೆಯವರು ಧ್ವಜ ಹಾರಿಸಲು ರೇವಪ್ಪನನ್ನು ಕರೆದರು. ಅವನು ಎದೆಗೆ ಚುಚ್ಚಿಕೊಂಡು ಬಂದ ಪದಕದ ಅಂಚಿನಲ್ಲಿ ಕೆತ್ತಿದ ಅವನ ಹೆಸರನ್ನು ಮಕ್ಕಳಿಗೆ ಓದಿ ಹೇಳಲು ಹೆಡ್‌ಮಾಸ್ತರರು ಕನ್ನಡಕ ಏರಿಸಿದರು. ಅಂಚು ಬೋಳುತಲೆಯಂತೆ ನುಣ್ಣಗೆ ಹೊಳೆಯುತ್ತಿತ್ತು.

ರೇವಪ್ಪ ಮನೆಗೆ ಬಂದವನೇ ಕೂಗಾಡಿದ: "ವೈರಿ ಗುಂಡಿಗೆ ಅಳಿಸದ ಹೆಸರು ನಿನ್ನ ಹುಣಸಿಹಣ್ಣಿಗೆ ಅಳಿಸಿ ಹೋತಲ್ಲ!"

ಗುರವ್ವ ಪದಕ ಕಸಿದುಕೊಂಡು ಮತ್ತೆ ಜಗಲಿಗಿಟ್ಟಳು.

"ನೀವು ಜೀವಂತ ಮನಿಗಿ ಬಂದ್ರಿ ಅಂತ ದೇವ್ರ ಮುಂದ ಇಟ್ಟೇನ್ರಿ. ಯಾರನ್ನ ಉಳಿಸಿ ಕಳಿಸ್ಯಾನ ಅಂತ ತಿಳ್ಕೊಳ್ಳಾಕ ಅಂವ ಹೆಸರು ಓದಬೇಕೇನ್ರಿ?"