ಉಸಿರಿಗೆ ಕಾಯುವ ಠೇಕಾ

೧೯೯೭ರ ಅಕ್ಟೋಬರ್ ೧೨, ರವಿವಾರ, ಬೆಳಗಿನ ೬ ಗಂಟೆ ೨೦ ನಿಮಿಷ. ಸೋಲಾಪುರದ ನವಿ ಪೇಠಿನಲ್ಲಿ ಅರಿವೆ ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ಅವುಗಳ ಮೇಲಿನ ಮಾಳಿಗೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಶರ್ವರಿ ಹಳೆಯ ಯಂತ್ರವೊಂದರ ಮುಸುಕು ತೆಗೆದು ಗುಂಡಿ ಒತ್ತುತ್ತಾರೆ. ಪಕ್ಕದ ಕುರ್ಚಿಯಲ್ಲಿ ಅವರ ತಾಯಿ ಸುಮಿತ್ರಾಬಾಯಿ ಮೆಟ್ಟಿಲೇರಿ ಬಂದ ದಣಿವಿಗೆ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಾರೆ. ಇಬ್ಬರೂ ಅಕ್ಕಲಕೋಟೆಯಿಂದ ಮೊದಲ ಬಸ್ಸಿಗೆ ಬಂದವರು. ನಾಳೆ ಗುಜರಿಯವನು ಈ ಯಂತ್ರವನ್ನು ಒಯ್ಯುತ್ತಾನೆ. ಅದಕ್ಕಿಂತ ಮುಂಚೆ ಇದರೊಳಗಿಂದ ಒಂದು ಅಳತೆಯನ್ನು ತೆಗೆದಿಟ್ಟುಕೊಳ್ಳಬೇಕು. ತೀರಿಹೋದ ತಮ್ಮ ನಿತಿನ ತಬಲಾದ ಮೇಲೆ ಕೈ ಎತ್ತಿ ಎಷ್ಟು ಹೊತ್ತು ಕಾಯುತ್ತಿದ್ದ ಎನ್ನುವ ಅಳತೆ.

ಶರ್ವರಿ ಈ ಕ್ಲಾಸಿನ ಶಿಕ್ಷಕಿ. ವಯಸ್ಸು ಮೂವತ್ತೊಂದು. ದಿನಕ್ಕೆ ಮೂರು ತಂಡಗಳಿಗೆ ಪಾಠ ಹೇಳುತ್ತಾರೆ. ಕರೆಂಟ್ ಹೋದರೆ ಅದೇ ಪಾಠವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಅವರ ಹೆಸರು ಪೇಠಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಿರುವುದು ಅವರು ಬರೆದ ಕಂಪ್ಯೂಟರ್ ಆಟ, ‘ಠೇಕಾ’. ತಬಲಾದಲ್ಲಿ ತಾಳದ ಒಂದು ಸುತ್ತನ್ನು ನುಡಿಸುವ ಕ್ರಮಕ್ಕೆ ಇರುವ ಹೆಸರೇ ಅದು. ಪರದೆಯ ಮೇಲಿಂದ ಚುಕ್ಕೆಗಳು ತಾಳಕ್ಕೆ ಸರಿಯಾಗಿ ಇಳಿಯುತ್ತವೆ. ಚುಕ್ಕೆ ಕೆಳಗಿನ ಗೆರೆ ಮುಟ್ಟಿದ ಕ್ಷಣಕ್ಕೇ ಕೀಲಿ ಒತ್ತಿದರೆ ಯಂತ್ರ ‘ಟಕ್’ ಎನ್ನುತ್ತದೆ. ತಪ್ಪಿದರೆ ಸುಮ್ಮನಿರುತ್ತದೆ. ಅಷ್ಟೇ ಆಟ.

ಆದರೂ ಅದರ ಹುಚ್ಚು ಹತ್ತಿದವರಿಗೆ ಲೆಕ್ಕವಿಲ್ಲ. ಖಾಲಿ ಫ್ಲಾಪಿ ತಂದವರಿಗೆಲ್ಲ ಶರ್ವರಿ ಅದನ್ನು ಬಿಟ್ಟಿಯಾಗಿ ತುಂಬಿಸಿಕೊಡುತ್ತಾರೆ. ಟೈಪಿಂಗ್ ಕಲಿಯುವ ಹುಡುಗಿಯರು, ಬ್ಯಾಂಕಿನ ಗುಮಾಸ್ತರು ಒಯ್ದಿದ್ದಾರೆ. ಭಂಡಾರಕವಠೆಯ ಮಾಸ್ತರರೊಬ್ಬರು ಊರಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಒಯ್ದರು. “ಬರೂ ದಿನಕ್ಕ ಇರ್ಲಿ ತಗೋರಿ” ಎಂದರಂತೆ.

ಎಲ್ಲರನ್ನೂ ಕಟ್ಟಿಹಾಕುವುದು ಒಂದೇ ಜಾಗ. ತಾಳದ ಒಂದು ಸುತ್ತು ಮುಗಿದು ಮತ್ತೆ ಮೊದಲ ಪೆಟ್ಟು ಬರುವಾಗ ಚುಕ್ಕೆ ಗೆರೆಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ತಡೆದು ನಿಲ್ಲುತ್ತದೆ. ಆತುರದವರು ಒತ್ತಿಬಿಡುತ್ತಾರೆ, ಸೋಲುತ್ತಾರೆ. “ಬೆರಳ ಬಿಗಿ ಹಿಡದ ಕುಂದರಬೇಕ ನೋಡ್ರಿ. ಆಮ್ಯಾಲ ಅದು ಬೀಳ್ತದಲ್ಲ, ಎದಿ ಹಗರ ಆಗ್ತದ” ಎನ್ನುತ್ತಾರೆ ಕೆಳಗಿನ ಅಂಗಡಿಯ ಅಮೃತಪ್ಪ. ಸೀರೆ ವ್ಯಾಪಾರಿಯಾದ ಅವರು ಗಿರಾಕಿ ಬರುವ ಮುಂಚೆ ಮಾಳಿಗೆಗೆ ಬಂದು ಎರಡು ಸುತ್ತು ಆಡದೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿರಲಿಲ್ಲ.

ಆ ತಡೆ ನಿತಿನನದು. ಅಕ್ಕಲಕೋಟೆಯಲ್ಲಿ ಅವನು ಹಗಲು ಗುಮಾಸ್ತ, ಗುರುವಾರ ಸಂಜೆ ಭಜನೆಗೆ ತಬಲಾ. ಅವರ ಭಜನೆಯಲ್ಲಿ ಒಂದು ರೂಢಿಯಿತ್ತು. ಹಿಂದಿನ ಸಾಲಿನ ಮುದುಕಿಯರ ಉಸಿರು ಸಾಲಿನ ಕೊನೆ ಮುಟ್ಟುವ ತನಕ ಮೊದಲ ಪೆಟ್ಟು ಬೀಳಬಾರದು. ಆ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಮುಟ್ಟುವವರು ದಮ್ಮಿನ ಕಾಯಿಲೆಯ ಸುಮಿತ್ರಾಬಾಯಿ. ಬೇರೆ ಮೇಳದವರು “ನಿನ್ನ ತಬಲಾ ತೂಕಡಿಸ್ತದಲ್ಲೋ” ಎಂದು ಆಡಿಕೊಂಡರೂ ನಿತಿನ ಕೈಯೆತ್ತಿ ಕಾಯುತ್ತಿದ್ದ.

ಆಟ ಬರೆಯುವಾಗ ಅವನು ಇದೇ ಯಂತ್ರದ ಪಕ್ಕದಲ್ಲಿ ಕೂತು ಮೇಜಿನ ಮೇಲೆ ತಾಳ ಹಾಕಿದ. ಅಂದಿನ ಮಾತು ಶರ್ವರಿಯವರಿಗೆ ಬಾಯಿಪಾಠ.

“ಅಕ್ಕಾ, ಭಾಳ ಲಗೂ ಆತು. ಮುದುಕೇರು ಓಡ್ತಾರೇನ?”

“ನಿನ್ನ ಮುದುಕೇರ ಸಲುವಾಗಿ ಕಂಪ್ಯೂಟರ್ ನಿಂದ್ರಸ್ಲೇನೋ?”

“ನಿಂದ್ರಸು. ಅದಕ್ಕೇನ ಬಸ್ಸ ತಪ್ಪತದ?”

ಅವನು “ಹಾಂ, ಇದ ನೋಡ” ಎನ್ನುವ ತನಕ ಶರ್ವರಿ ಅಂಕಿ ಬದಲಿಸುತ್ತ ಹೋದರು. ೧೯೯೫ರ ಮಳೆಗಾಲದಲ್ಲಿ ಕಾಮಾಲೆ ನಿತಿನನನ್ನು ಒಯ್ದಿತು. ಅವನ ಭಜನೆಯನ್ನು ಯಾರೂ ಕ್ಯಾಸೆಟ್ಟಿಗೆ ಹಿಡಿದಿರಲಿಲ್ಲ. ಉಳಿದದ್ದು ಆಟ ಮಾತ್ರ.

ಹೋದ ವಾರ ಅಮೃತಪ್ಪ ಹೊಸ ಕಂಪ್ಯೂಟರ್ ಕೊಂಡರು. “ಮ್ಯಾಡಮ್ಮರ, ಬರ್ರಿ ಬರ್ರಿ! ಇವತ್ತ ಒಂದೂ ತಪ್ಪಿಲ್ಲ” ಎಂದು ಕೂಗಿ ಕರೆದು ತೋರಿಸಿದರು. ಚುಕ್ಕೆಗಳು ಚೀಲ ಹರಿದ ಜೋಳದಂತೆ ಸುರಿಯುತ್ತಿದ್ದವು. “ನಿಮ್ಮ ತಮ್ಮ ಭಾಳ ಜೋರ ಇದ್ದ ಬಿಡ್ರಿ. ಮಂದಿಗಿ ಉಸರ ತಗೊಳ್ಳಾಕ ಬಿಡಂಗಿಲ್ಲ!” ಎಂದು ನಕ್ಕರು. ಶರ್ವರಿ ಸುತ್ತಿನ ಕೊನೆಯನ್ನೇ ನೋಡಿದರು. ತಡೆ ಕಣ್ಣಿಗೇ ಕಾಣುತ್ತಿರಲಿಲ್ಲ.

ತಪ್ಪು ಅವರದೇ. ಇಷ್ಟು ಸೆಕೆಂಡು ನಿಲ್ಲು ಎಂದು ಬರೆಯುವ ಬದಲು, ಇಷ್ಟರ ತನಕ ಎಣಿಸಿ ಮುಂದೆ ಹೋಗು ಎಂದು ಯಂತ್ರಕ್ಕೆ ಬರೆದಿದ್ದರು. ಆಗ ಅವರ ಮುಂದಿದ್ದದ್ದು ಇದೊಂದೇ ಯಂತ್ರ. ಹೊಸ ಯಂತ್ರ ಅದನ್ನೇ ಎರಡೂವರೆ ಪಟ್ಟು ವೇಗವಾಗಿ ಎಣಿಸುತ್ತದೆ. ಎಷ್ಟೋ ಮನೆಗಳಲ್ಲಿ ಜನ ‘ಠೇಕಾ’ ಆಡಿ ಖುಷಿಪಡುತ್ತಿದ್ದಾರೆ, ಆದರೆ ಅವರ ಮುಂದೆ ಕೂತಿರುವವನು ನಿತಿನನಲ್ಲ. “ಫುಕಟ ಹಂಚಿದ್ದಕ್ಕ ದುಃಖ ಇಲ್ರಿ. ಯಾರ ಕಡಿ ಹೋಗ್ಯಾವೋ, ಹೊಳ್ಳಿ ತರಸೂದು ಹ್ಯಾಂಗ?” ಎನ್ನುತ್ತಾರೆ ಶರ್ವರಿ.

ಅದಕ್ಕೇ ಈ ರವಿವಾರ. ನಿತಿನನ ತಡೆ ಎಷ್ಟು ಸೆಕೆಂಡು ಎಂದು ಹೇಳಬಲ್ಲದ್ದು ಈ ಹಳೆಯ ಯಂತ್ರವೊಂದೇ. ಯಂತ್ರದೊಳಗಿನ ಗಡಿಯಾರ ಚಿಕ್ಕ ತುಣುಕು ಹಿಡಿಯುವಷ್ಟು ಸೂಕ್ಷ್ಮವಲ್ಲ. ಆದ್ದರಿಂದ ಅವರು ತಾಳವನ್ನು ಐವತ್ತು ಸುತ್ತು ಓಡಿಸುತ್ತಾರೆ, ತಡೆಯನ್ನು ತೆಗೆದು ಮತ್ತೆ ಐವತ್ತು ಸುತ್ತು ಓಡಿಸುತ್ತಾರೆ, ವ್ಯತ್ಯಾಸವನ್ನು ಐವತ್ತರಿಂದ ಭಾಗಿಸುತ್ತಾರೆ. ಸುಮಿತ್ರಾಬಾಯಿ ಪರದೆ ನೋಡುವುದಿಲ್ಲ. ಕಣ್ಣು ಮುಚ್ಚಿ ಟಕ್ ಟಕ್ ಕೇಳುತ್ತಾರೆ.

ಹತ್ತರ ಹೊತ್ತಿಗೆ ಅಮೃತಪ್ಪ ರಜೆಯ ದಿನವೂ ಅಂಗಡಿಯ ಬಾಗಿಲು ತೆಗೆದುಕೊಡುತ್ತಾರೆ. ಸೆಕೆಂಡುಗಳಲ್ಲಿ ಹೊಸದಾಗಿ ಬರೆದ ‘ಠೇಕಾ’ ಅವರ ಯಂತ್ರದಲ್ಲಿ ನಿಧಾನವಾಗಿ ಇಳಿಯುತ್ತದೆ. ಸುಮಿತ್ರಾಬಾಯಿ ಭಜನೆಯ ಒಂದು ಸಾಲು ಎತ್ತಿಕೊಳ್ಳುತ್ತಾರೆ. ಸಾಲಿನ ಕೊನೆಗೆ ಚುಕ್ಕೆ ತಡೆದು ನಿಲ್ಲುತ್ತದೆ. ಮತ್ತೆ ಬೀಳುತ್ತದೆ. ಅವರ ಕೊನೆಯ ಅಕ್ಷರ ಆಮೇಲೆ ಬರುತ್ತದೆ. ಇನ್ನೊಮ್ಮೆ ಹಾಡುತ್ತಾರೆ. ಆಗಲೂ ಹಾಗೆಯೇ. ಎರಡು ವರ್ಷದಲ್ಲಿ ಅವರ ದಮ್ಮಿನ ಕಾಯಿಲೆ ಹೆಚ್ಚಾಗಿದೆ.

ಶರ್ವರಿ ಕೀಲಿಗಳ ಮೇಲೆ ಕೈಯಿಡುತ್ತಾರೆ. “ಅವ್ವಾ, ಒಂದೀಟ ಹೆಚ್ಚ ಮಾಡ್ಲಿ? ಒಂದ ಅಂಕಿ ಬದಲ ಮಾಡಿದ್ರ ಆತು.”

“ಬ್ಯಾಡವಾ.” ಉಸಿರು ತೆಗೆದುಕೊಂಡು ತಾಯಿ ಮುಂದುವರಿಸುತ್ತಾರೆ. “ನೀ ಹೆಚ್ಚ ಮಾಡಿದ್ರ ಅದು ನೀ ಕಾದಂಗಾತು. ಅಂವ ಕಾದಷ್ಟ ಇರ್ಲಿ.”

ಅಮೃತಪ್ಪ ಸದ್ದಿಲ್ಲದೆ ಬಂದು ಕೂತು ಒಂದು ಸುತ್ತು ಆಡುತ್ತಾರೆ. ಮೊದಲ ಪೆಟ್ಟಿಗೇ ತಪ್ಪುತ್ತಾರೆ. “ಹೊಳ್ಳಿ ಮೊದಲಿಂದ ಕಲೀಬೇಕಾತಲ್ರಿ” ಎನ್ನುತ್ತಾರೆ, ಈ ಸಲ ನಗದೆ. ಹಳೆಯ ಫ್ಲಾಪಿ ತಂದವರಿಗೆಲ್ಲ ಹೊಸದನ್ನು ತುಂಬಿಸಿಕೊಡುವುದೊಂದೇ ಶರ್ವರಿಯವರ ಆಸೆ. ಅದರಲ್ಲಿ ನಿತಿನ ಕಾಯುವುದು ೦.೬೨ ಸೆಕೆಂಡು.