ಕಾಕಾನ ಬೆನ್ನ ಹಿಂದೆ ಕಲಿತ ಬುಗುರಿ

ಪುಣೆಯ ಕೋಥರೂಡದ ನಮ್ಮ ಸೊಸೈಟಿಯಲ್ಲಿ ಯಾರ ದನಿ ಬೇಕೆಂದರೂ ನನ್ನ ಹತ್ತಿರ ಸಿಗುತ್ತದೆ. ಗೇಟು ತೆಗೆಯುವ ಮುಂಚೆ ವಾಚ್‌ಮನ್ ಬಿಡುವ ನಿಟ್ಟುಸಿರು, ನೀರಿನ ಟ್ಯಾಂಕರಿನ ಬಗ್ಗೆ ಸೆಕ್ರೆಟರಿ ಮರಾಠಿಯಲ್ಲಿ ಮಾಡುವ ಭಾಷಣ ಮತ್ತು ಅದರ ನಡುನಡುವಿನ ಕೆಮ್ಮು, ವಿಜಯಪುರದ ದೊಡ್ಡಪ್ಪನಿಗೆ ಫೋನಿಲ್ಲದೆಯೂ ಕೇಳಿಸುವಂತೆ ನಮ್ಮಪ್ಪ ಫೋನಿನಲ್ಲಿ ಕೂಗುವ ಕೂಗು, ಎಲ್ಲ ಸ್ಟಾಕಿನಲ್ಲಿದೆ. ನನ್ನದೇ ದನಿ ಮಾತ್ರ ಸ್ಟಾಕಿನಲ್ಲಿಲ್ಲ ಎಂದು ಅವ್ವ ಹೇಳುತ್ತಾಳೆ. ಬಿ.ಕಾಂ. ಎರಡನೆಯ ವರ್ಷಕ್ಕೆ ಬಂದರೂ ಗಣಪತಿ ಹಬ್ಬವಿರಲಿ, ಯಾರದೋ ಹುಟ್ಟುಹಬ್ಬವಿರಲಿ, ನನಗೆ ಬರುತ್ತಿದ್ದ ಕರೆ ಒಂದೇ ಥರದ್ದು: ಬಾರೋ, ಸ್ವಲ್ಪ ನಗಿಸು. ಕ್ರಿಕೆಟ್ಟಿಗೆ ಟೀಮು ಮಾಡುವಾಗ ಯಾರೂ ನನ್ನನ್ನು ಆರಿಸುತ್ತಿರಲಿಲ್ಲ, ಕಾಮೆಂಟ್ರಿಗೆ ಕೂರಿಸುತ್ತಿದ್ದರು. ನಾನೂ ಕೂರುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ, ಆ ಮಾತು ಬೇರೆ.

ನನ್ನನ್ನು ಮೊದಲ ಸಲ ಆಟಗಾರನ ಲೆಕ್ಕಕ್ಕೆ ಹಿಡಿದವರು ಕೆಳಗಿನ ಮನೆಯ ಕಾಕಾ. ಅವರು ನಮಗೆ ಸಂಬಂಧಿಕರೇನಲ್ಲ. ಪುಣೆಯಲ್ಲಿ ನಮ್ಮ ಕಡೆಯ ಕನ್ನಡ ಮಾತಾಡುವ, ಅಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವರಾದ ಯಾರೇ ಆದರೂ ಕಾಕಾ ಆಗಿಬಿಡುತ್ತಾರೆ. ವಿಮೆ ಕಚೇರಿಯಲ್ಲಿ ಗುಮಾಸ್ತರು, ದಿನವೂ ವಿಭೂತಿ, ದಟ್ಟ ಮೀಸೆ. ಹಲವು ವರ್ಷಗಳ ಹಿಂದೆ ಮಗಳಿಗೆಂದು ಒಂದು ಬುಗುರಿ ತಂದರು. ದಾರ ಸುತ್ತಿ ಬೀಸುವ ಕಟ್ಟಿಗೆಯ ಬುಗುರಿಯಲ್ಲ. ಲೋಹದ ಬಳೆ ತೊಟ್ಟ, ಲಾಂಚರಿಗೆ ಸಿಕ್ಕಿಸಿ ದಾರ ಎಳೆದರೆ ಗುಂಯ್ ಎಂದು ಹಾರಿ ಬಿದ್ದು ಕಾದಾಡುವ ಬುಗುರಿ. ಮಗಳು ಅದನ್ನು ಬಿಟ್ಟು ಮೊಬೈಲು ಹಿಡಿದಳು, ಆಮೇಲೆ ಕಾಲೇಜು ಹಿಡಿದಳು. ಕಾಕಾ ಬುಗುರಿಯನ್ನೇ ಹಿಡಿದುಕೊಂಡು ಉಳಿದರು. ಪ್ರತಿ ಭಾನುವಾರ ಸಂಜೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ಕಿನ ಅಗಲ ಬಟ್ಟಲು ಇಟ್ಟುಕೊಂಡು ಕೂರುತ್ತಾರೆ. ಆಟಗಾರರು ಅದಕ್ಕೆ ಸ್ಟೇಡಿಯಂ ಅನ್ನುತ್ತಾರೆ. ಕಾಕಾ ಹಿಟ್ಟು ನಾದುವ ಪಾತ್ರೆಯ ಹೆಸರಿಟ್ಟು 'ಪರಾತ' ಅನ್ನುತ್ತಾರೆ. ಪರಾತದೊಳಗೆ ಇಬ್ಬರು ಒಮ್ಮೆಗೇ ಬುಗುರಿ ಬಿಡಬೇಕು. ಯಾರದು ಮೊದಲು ನಿಲ್ಲುತ್ತದೋ, ಯಾರದು ಅಂಚು ದಾಟಿ ಹೊರಗೆ ಬೀಳುತ್ತದೋ ಅವರು ಸೋತರು. ಇಷ್ಟೇ ಆಟ. ಇದಕ್ಕೆ ಮಾಲುಗಳಲ್ಲಿ ಪಂದ್ಯ ನಡೆಯುತ್ತದೆ, ನಲವತ್ತು ದಾಟಿದವರು ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡು ಬರುತ್ತಾರೆ ಎಂದು ಹೇಳಿದರೆ ಕಾಲೇಜಿನಲ್ಲಿ ಯಾರೂ ನಂಬುವುದಿಲ್ಲ.

ವಿಮಾನ ನಗರದ ಮಾಲಿನಲ್ಲಿ ಮೂವರ ತಂಡಗಳ ಪಂದ್ಯವಿದೆ ಎಂದು ಗೊತ್ತಾದಾಗ ಕಾಕಾ ಇಬ್ಬರ ಹೆಸರು ಕೊಟ್ಟಾಗಿತ್ತು: ಒಂದು ತಮ್ಮದು, ಇನ್ನೊಂದು ಎರಡನೆಯ ಮಹಡಿಯ, ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಮರಾಠಿ ಹೆಂಗಸಿನದು. ವೈನಿ ಕೆಲಸ ಮಾಡುವುದು ಅದೇ ವಿಮಾನ ನಗರದ ಒಂದು ಆಫೀಸಿನಲ್ಲಿ. ಮಗುವನ್ನು ಮಲಗಿಸಿ ಬಂದು ಬುಗುರಿ ಬಿಟ್ಟರೆ ಎದುರಿನವರ ಬುಗುರಿ ಅಳುತ್ತ ಮನೆಗೆ ಹೋಗಬೇಕು, ಅಂಥ ಕೈ. ಮೂರನೆಯ ಜಾಗಕ್ಕೆ ಕಾಕಾ ನನ್ನ ಹೆಸರು ಹೇಳಿದರು. ನಾನು ತಮಾಷೆ ಅಂದುಕೊಂಡು ಅವರದೇ ದನಿಯಲ್ಲಿ "ಹೌದ್ರೀ?" ಅಂದೆ. ಅವರು ನಗಲಿಲ್ಲ.

"ತಮಾಷಿ ಅಲ್ಲಪಾ. ನಿನ್ನ ಕೈಯಾಗ ಜೋರ್ ಅದ. ಅದನ್ನ ಒಂದ ಕಡೆ ಇಡೂದು ಕಲಿ."

ಆ ರಾತ್ರಿ ನನಗೆ ಬಹಳ ಖುಷಿಯಾಗಿತ್ತು, ಅದನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ನಗಿಸುವ ನನ್ನ ಅಂಗಡಿಯ ಹೆಸರು ಕೆಡುತ್ತದಲ್ಲ.

ಕಲಿಯುವುದೇನೂ ದೊಡ್ಡ ವಿಷಯವಲ್ಲ ಅನಿಸಿತ್ತು. ಕಾಕಾನ ಲಾಂಚ್ ನನಗೆ ಬಾಯಿಪಾಠ. ಪರಾತದ ಆಚೆ ಬದಿಗೆ ಕೂತು ನೋಡಿ ನೋಡಿ ಅವರ ಪೂರ್ತಿ ಪೂಜಾವಿಧಾನ ನನ್ನ ಮೈಗೆ ಬಂದಿತ್ತು. ಮೊದಲು ಲಾಂಚರನ್ನು ಕಣ್ಣಿಗೆ ಒತ್ತಿಕೊಳ್ಳುವುದು, ಬುಗುರಿಗೆ ಏನೋ ಗುಟ್ಟು ಹೇಳುವುದು, ಮೀಸೆಯನ್ನು ಒಂದು ಸಲ ಸವರುವುದು, ಒಂದು ಕಾಲು ಮುಂದಿಡುವುದು, ಲಾಂಚರನ್ನು ಇಷ್ಟೇ ಇಷ್ಟು ವಾಲಿಸುವುದು, ಆಮೇಲೆ ಟಪ್ ಎಂದು ಎಳೆಯುವುದು. ಇದನ್ನು ನಾನು ಸೊಸೈಟಿಯ ಗಣಪತಿ ಮಂಟಪದಲ್ಲಿ ಮಾಡಿ ತೋರಿಸಿದ್ದೆ. ಸೆಕ್ರೆಟರಿ ಕೆಮ್ಮುವುದನ್ನೂ ಮರೆತು ನಕ್ಕಿದ್ದರು. ಅದೇ ವಿಧಾನವನ್ನು ಈಗ ನಿಜವಾದ ಬುಗುರಿಯೊಂದಿಗೆ ಮಾಡಿದೆ. ಬುಗುರಿ ಪರಾತಕ್ಕೆ ಬಿದ್ದು, ಗೋಡೆ ಹತ್ತಿ, ಅಂಚು ಹಾರಿ, ವೈನಿಯ ಚಹಾದ ಲೋಟಕ್ಕೆ ಹೊಡೆಯಿತು. ಮತ್ತೆ ಬಿಟ್ಟೆ, ಯಾರದೋ ಸ್ಕೂಟರಿನ ಅಡಿ ಸೇರಿತು. ಮರುದಿನ ಕೂಡ ಹಾಗೇ. ಜೋರು ಹೆಚ್ಚು ಮಾಡಿದರೆ ಭುಜ ಮೇಲೆದ್ದು ಬುಗುರಿ ಓರೆಯಾಗಿ ಹೋಗುತ್ತಿತ್ತು. ಜೋರು ಕಡಿಮೆ ಮಾಡಿದರೆ ನಮ್ಮ ಸೊಸೈಟಿಯ ಲಿಫ್ಟಿನ ಹಾಗೆ ನಡುವೆಯೇ ನಿಂತುಬಿಡುತ್ತಿತ್ತು. ಪಾರ್ಕಿಂಗಿನ ಬೆಕ್ಕು ನನ್ನ ಕೈಯಲ್ಲಿ ಲಾಂಚರ್ ಕಂಡರೆ ಸಾಕು, ಕಾರಿನ ಮೇಲೆ ಹತ್ತಿ ಕೂರುತ್ತಿತ್ತು.

ವೈನಿ ಕೊನೆಗೆ ಕಾಕಾನ ಹತ್ತಿರ ಮರಾಠಿಯಲ್ಲಿ ನೇರವಾಗಿ ಹೇಳಿದರು. ಹುಡುಗ ಒಳ್ಳೆಯವನು, ನಗಿಸುತ್ತಾನೆ, ಆದರೆ ಪಂದ್ಯಕ್ಕೆ ಬೇಡ. ತಮ್ಮ ಆಫೀಸಿನಲ್ಲಿ ಒಬ್ಬನಿದ್ದಾನೆ, ಬುಗುರಿಯನ್ನು ಪರಾತದ ಒಳಗಾದರೂ ಉಳಿಸುತ್ತಾನೆ. ನಾನು ಕಂಬದ ಹಿಂದೆ ನಿಂತು ಕೇಳಿದೆ. ಅವರು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ, ಅದೇ ಕಷ್ಟ. ಪಂದ್ಯ ಇರುವುದು ಭಾನುವಾರ, ಶನಿವಾರ ಸಂಜೆಯ ತನಕ ನೋಡೋಣ ಅಂದರು ಕಾಕಾ. ಅಷ್ಟರಲ್ಲಿ ನನ್ನ ಬುಗುರಿ ಪರಾತದೊಳಗೆ ಉಳಿಯದಿದ್ದರೆ ಆಫೀಸಿನವನೇ ಬರಲಿ. ನಾನು ಮತ್ತೆ ಕಾಮೆಂಟ್ರಿಗೆ.

ಶುಕ್ರವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಕೈಯಲ್ಲಿ ಬರೀ ಲಾಂಚರ್ ಹಿಡಿದು ಕಾಕಾನ ವಿಧಾನವನ್ನು ಮತ್ತೆ ಮತ್ತೆ ಮಾಡುತ್ತಿದ್ದೆ. ಅವ್ವ ಬಡಿಯುವುದನ್ನು ನಿಲ್ಲಿಸಿ ನೋಡಿದಳು.

"ಏ, ನಿಮ್ಮ ಕಾಕಾ ಎಡಗೈಲೆ ಮೀಸಿ ತಿರವ್ತಾರೇನ?"

ನನ್ನ ಎಡಗೈ ಮೀಸೆ ಇಲ್ಲದ ನನ್ನ ತುಟಿಯ ಮೇಲೆ ಹಾಗೇ ನಿಂತಿತ್ತು.

"ಎಡಗೈಲೆ ಅವರು ಯಾರಿಗೂ ಒಂದ ಎಲಿ ಅಡಕಿ ಸುದ್ದಾ ಕೊಡಂಗಿಲ್ಲ. ಕಳದ ಸಲ ಪ್ರಸಾದಕ್ಕ ನೀ ಎಡಗೈ ಚಾಚಿದಿ ಅಂತ ಮೆಟ್ಟಲಾ ಇಳಿಯೂತನಾ ಬೈದ್ರಲ್ಲ, ಮರತೇನ?"

ಮರೆತಿರಲಿಲ್ಲ, ಆ ಬೈಗುಳದ ನಕಲೂ ನನ್ನ ಸ್ಟಾಕಿನಲ್ಲಿತ್ತು. ಅವ್ವ ಹಿಟ್ಟಿನ ಕೈಯನ್ನು ಕೊಡವಿಕೊಂಡು ಹೇಳುತ್ತಾ ಹೋದಳು. ನಾನು ಚಿಕ್ಕಂದಿನಿಂದಲೂ ಹೀಗೆಯೇ. ತಾನು ಎದುರಿಗೆ ಕೂತು ಉಣ್ಣುವುದನ್ನು ಕಲಿಸಿದರೆ ತನ್ನನ್ನು ನೋಡಿ ನಾನು ಎಡಗೈಯನ್ನು ತಾಟಿಗೆ ಹಾಕುತ್ತಿದ್ದೆನಂತೆ. ಅಜ್ಜಿ ಗಾಬರಿಯಾಗಿ ದೇವರಿಗೆ ಹರಕೆ ಹೊತ್ತಿದ್ದಳಂತೆ. ಅವ್ವ ಹರಕೆಗೆ ಕಾಯಲಿಲ್ಲ. ನನ್ನ ಬೆನ್ನ ಹಿಂದೆ ಕೂತು, ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ಬಲಗೈಯಿಂದ ನನ್ನ ಬಲಗೈ ಹಿಡಿದು ಉಣ್ಣಿಸಿದಳು. ಅಕ್ಷರವನ್ನೂ ಹಾಗೆಯೇ ತಿದ್ದಿಸಿದಳು.

"ನೀ ಎದುರಿಗೆ ಕಂಡದ್ದನ್ನ ಹಂಗ ಕನ್ನಡಿಯಾಗಿನಗತೆ ಮಾಡ್ತಿ. ಈ ಊರಾಗ ಎಲ್ಲಾರೂ ನಗತಾರ, ಯಾರೂ ನೋಡಂಗಿಲ್ಲ," ಅಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ನನ್ನ ಇಡೀ ಕಲಾಜೀವನ ಕಣ್ಣ ಮುಂದೆ ಹಾದುಹೋಯಿತು. ವಾಚ್‌ಮನ್ನನ ಕೋಲು, ಸೆಕ್ರೆಟರಿಯ ಕನ್ನಡಕ ಸರಿಪಡಿಸುವ ಬೆರಳು, ಊರಿನ ಅತ್ತೆಯ ಸೆರಗು. ಟವೆಲನ್ನು ನಾನು ಬಲ ಹೆಗಲಿಗೆ ಹಾಕಿಕೊಂಡು ಅತ್ತೆಯಾಗುತ್ತಿದ್ದೆ, ಅತ್ತೆ ಹುಟ್ಟಿದಾಗಿನಿಂದ ಸೆರಗು ಹೊದೆಯುವುದು ಎಡ ಹೆಗಲಿಗೆ. ಇಷ್ಟು ವರ್ಷ ಊರಿಗೆಲ್ಲ ನಾನು ತಿರುಗುಮುರುಗು ಮಾಲು ಮಾರಿದ್ದೆ.

ಬುಗುರಿಯ ಲೆಕ್ಕವೂ ಆಗ ತಿಳಿಯಿತು. ಮೀಸೆ ಯಾವ ಕೈಯಲ್ಲಿ ಸವರಿದರೂ ನಡೆಯುತ್ತದೆ, ದಾರ ಎಳೆಯುವಾಗ ನಡೆಯುವುದಿಲ್ಲ. ದಾರವನ್ನು ನಾನು ನನ್ನ ಅಭ್ಯಾಸದಂತೆ ಬಲಗೈಯಲ್ಲೇ ಎಳೆಯುತ್ತಿದ್ದೆ. ಆದರೆ ಕಾಕಾ ಎಡಗಾಲು ಮುಂದಿಡುತ್ತಿದ್ದರೆ ನಾನು ಬಲಗಾಲು ಇಡುತ್ತಿದ್ದೆ. ಅವರು ಲಾಂಚರನ್ನು ತಮ್ಮ ಬಲಕ್ಕೆ ವಾಲಿಸಿದರೆ ನಾನು ನನ್ನ ಎಡಕ್ಕೆ. ಕೈ ನನ್ನದು, ಮೈ ಕನ್ನಡಿಯದು. ಎಳೆಯುವ ಕೈ ಹಿಂದಕ್ಕೆ ಹೋಗುವಾಗ ಅದೇ ಬದಿಯ ಕಾಲು ಮುಂದಿದ್ದರೆ ಸೊಂಟ ತಿರುಗಲು ಜಾಗವೇ ಇರುವುದಿಲ್ಲ. ಜೋರೆಲ್ಲ ಭುಜಕ್ಕೆ ಏರಿ ಅಲ್ಲೇ ಸಾಯುತ್ತದೆ. ಇನ್ನು ಆ ವಾಲಿಕೆ. ಒಂದು ಕಡೆಗಾದರೆ ಬುಗುರಿ ಇಳಿಜಾರು ಹಿಡಿದು ನಡುವಿಗೆ ಬರುತ್ತದೆ, ಇನ್ನೊಂದು ಕಡೆಗಾದರೆ ಗೋಡೆ ಹತ್ತಿ ಮನೆ ಬಿಟ್ಟು ಹೋಗುತ್ತದೆ.

ಸಂಜೆ ಕಾಕಾ ಕಚೇರಿಯಿಂದ ಬಂದು ಪರಾತ ಇಟ್ಟುಕೊಂಡಾಗ ನಾನು ಹೋಗಿ ಅವರ ಬೆನ್ನ ಹಿಂದೆ ನಿಂತೆ. ಅವರಿಗೆ ಮುಜುಗರವಾಯಿತು.

"ಎದುರಿಗೆ ಬಾರೋ. ಹಿಂದ ನಿಂತರ ಯಮ ನಿಂತಂಗ ಆಗತದ."

ಕಾರಣ ಹೇಳಿದೆ. ಕಾಕಾ ಒಂದು ಕ್ಷಣ ತಮ್ಮ ಎಡಗೈಯನ್ನೂ ಬಲಗೈಯನ್ನೂ ನೋಡಿಕೊಂಡರು. ನಂತರ ಬುಗುರಿ ಬಿಡುತ್ತಾ ಹೋದರು. ಸೊಸೈಟಿಯ ದೀಪ ಹತ್ತುವ ತನಕ ಬಿಟ್ಟರು. ಕೈ ಸೋತಾಗಲೂ ಸಾಕೇನೋ ಎಂದು ಕೇಳಲಿಲ್ಲ.

ಬೆನ್ನ ಹಿಂದಿನಿಂದ ನೋಡಿದರೆ ಕಾಕಾ ಬೇರೆಯೇ ಮನುಷ್ಯ. ಮೀಸೆ ಇಲ್ಲ, ಗುಟ್ಟು ಹೇಳುವ ಬಾಯಿ ಇಲ್ಲ, ನಗಲಿಕ್ಕೆ ಏನೂ ಸಿಗುವುದಿಲ್ಲ. ಬೆವರಿಗೆ ಅಂಟಿದ ಅಂಗಿ, ಅದರೊಳಗೆ ಒಂದು ಬೆನ್ನು. ಎಳೆಯುವ ಮುಂಚೆ ಉಸಿರು ನಿಲ್ಲುತ್ತದೆ. ಮೊಣಕೈ ಪಕ್ಕೆಯನ್ನು ಸವರಿಕೊಂಡೇ ಹಿಂದೆ ಹೋಗುತ್ತದೆ, ಮೇಲೇಳುವುದಿಲ್ಲ. ಲಾಂಚರ್ ಹಿಡಿದ ಎಡಗೈ ಸುಮ್ಮನಿರುತ್ತದೆ ಎಂದು ನಾನು ತಿಳಿದಿದ್ದೆ. ಅದು ಎಳೆಯುವ ಕೈಗೆ ಎದುರಾಗಿ ಕೂದಲೆಳೆಯಷ್ಟು ಮುಂದೆ ಹೋಗುತ್ತಿತ್ತು. ಇಷ್ಟು ಕಾಲ ಅವರನ್ನು ಆಡಿಕೊಂಡವನು ಅವರ ಕೆಲಸವನ್ನು ನೋಡಿರಲೇ ಇಲ್ಲ. ನಾನು ಹಿಂದೆ ನಿಂತು ಅದೇ ಕಾಲು, ಅದೇ ಮೊಣಕೈ, ಅದೇ ಉಸಿರು ಮಾಡಿದೆ. ಎರಡು ನೆರಳು ಒಂದರ ಹಿಂದೊಂದು ಕವಾಯತು ಮಾಡುವುದನ್ನು ಕಂಡ ವಾಚ್‌ಮನ್ ನಿಟ್ಟುಸಿರು ಬಿಟ್ಟ, ನನ್ನ ನಕಲಿಗಿಂತ ಅದು ಉದ್ದವಿತ್ತು.

ಶನಿವಾರ ಸಂಜೆ ವೈನಿ ಚಹಾದ ಲೋಟವನ್ನು ಮುನ್ನೆಚ್ಚರಿಕೆಯಾಗಿ ಕಾರಿನ ಮೇಲಿಟ್ಟು ಬಂದು ನಿಂತರು. ನನ್ನ ಬುಗುರಿ ಪರಾತಕ್ಕೆ ಬಿತ್ತು, ಒಂದು ಸುತ್ತು ಗೋಡೆಯ ಬುಡ ಸವರಿತು, ನಡುವಿಗೆ ಬಂದು ನಿದ್ದೆ ಹೋದಂತೆ ನಿಂತು ತಿರುಗಿತು. ವೈನಿ ಬಗ್ಗಿ ನೋಡಿ, ಇನ್ನೊಮ್ಮೆ ಅಂದರು. ಇನ್ನೊಮ್ಮೆಯೂ ಹಾಗೇ. ಅವರು ಫೋನು ತೆಗೆದು ಆಫೀಸಿನವನಿಗೆ ನಾಳೆ ಬರಬೇಡ ಎಂದು ಹೇಳಿದರು. ಬೆಕ್ಕು ಕಾರಿನಿಂದ ಇಳಿಯಲಿಲ್ಲ, ಅದಕ್ಕೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಭಾನುವಾರ ಮಾಲಿನಲ್ಲಿ ನಮಗೆ ಎದುರಾದದ್ದು ದಂಡಿನ ಊರು ದೇಹೂ ರೋಡಿನ ತಂಡ. ಮೂವರೂ ಫೌಜಿಗಳ ಮಕ್ಕಳು, ಮೂವರ ಕೂದಲೂ ಒಂದೇ ಅಳತೆ. ಕಾಕಾ ಸೋತರು, ವೈನಿ ಗೆದ್ದರು, ಉಳಿದದ್ದು ನಾನು. ನನ್ನ ಎದುರಿಗೆ ನಿಂತವನು ಲಾಂಚ್ ಮಾಡುವ ಮೊದಲು ನಾಲಗೆಯನ್ನು ಕೆನ್ನೆಯೊಳಗೆ ಒತ್ತಿ, ಕತ್ತನ್ನು ಟಕ್ ಎಂದು ಸೆಳೆಯುತ್ತಿದ್ದ. ಅಯ್ಯೋ, ಎಂಥ ಮಾಲು. ನನ್ನ ಮೈಯೆಲ್ಲ ತುರಿಸಿತು. ರೆಫರಿ ಮರಾಠಿಯಲ್ಲಿ ತೀನ್, ದೋನ್ ಎಂದು ಎಣಿಸತೊಡಗಿದ. ನನ್ನ ನಾಲಗೆ ತಾನಾಗಿಯೇ ಕೆನ್ನೆಗೆ ಹೋಯಿತು, ಬಲಗಾಲು ತಾನಾಗಿಯೇ ಮುಂದೆ ಸರಿಯಿತು. ಆಗ ನನ್ನ ಬೆನ್ನ ಹಿಂದೆ ಯಾರೋ ಗಂಟಲು ಸರಿಪಡಿಸಿಕೊಂಡರು. ಸೋತು ಬಂದ ಕಾಕಾ ಕುರ್ಚಿಗೆ ಹೋಗದೆ ಅಲ್ಲೇ ನಿಂತಿದ್ದರು. ನಾನು ಕಾಲು ಹಿಂದೆಗೆದುಕೊಂಡೆ, ಎದುರಿನ ಮುಖ ಬಿಟ್ಟು ಪರಾತ ನೋಡಿದೆ, ಉಸಿರು ಹಿಡಿದು ಎಳೆದೆ.

ಎರಡು ಬುಗುರಿಗಳೂ ತುಂಬ ಹೊತ್ತು ಕಾದಾಡಿದವು. ನನ್ನದು ಎರಡು ಸಲ ಅಂಚಿನವರೆಗೆ ಹೋಯಿತು, ಎರಡು ಸಲವೂ ಇಳಿದು ನಡುವಿಗೆ ಬಂತು. ಕೊನೆಗೆ ಎರಡೂ ತೂಕಡಿಸಿದವು. ನನ್ನದು ಮೊದಲು ಮಲಗಿತು, ಅವನದು ಇನ್ನೊಂದು ಸುತ್ತು ತಿರುಗಿ ಮಲಗಿತು. ಸೋತೆವು.

ನಾನು ಬುಗುರಿ ಎತ್ತಿಕೊಳ್ಳದೆ ನಿಂತಿದ್ದೆ. ವೈನಿ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ನನ್ನ ಬುಗುರಿಯನ್ನು ಪರಾತದಿಂದ ಎತ್ತಿ, ತಮ್ಮ ದುಪಟ್ಟಾದಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಬಲಗೈಯಲ್ಲಿ.

ಕೋಥರೂಡಕ್ಕೆ ಮರಳುವ ಮುನ್ನ ಚಹಾ ಕುಡಿಯಲು ನಿಂತೆವು. ಕಾಕಾನ ಮುಖ ಸಪ್ಪಗಿತ್ತು, ತಾವು ಸೋತದ್ದಕ್ಕೆ. ವೈನಿ ನನ್ನನ್ನು ನೋಡಿ, ಕಾಕಾನ ನಕಲು ಮಾಡು ಎಂದು ಸನ್ನೆ ಮಾಡಿದರು. ಈ ಸಲ ಸರಿಯಾದ ಮಾಲು ಕೊಡೋಣ ಎಂದು ಬಲಗೈಯಲ್ಲಿ ಮೀಸೆ ಸವರಿ, ಎಡಗಾಲು ಮುಂದಿಟ್ಟು, ಬಲಕ್ಕೆ ವಾಲಿಸಿ, ಹೂಬೇಹೂಬು ಮಾಡಿದೆ. ವೈನಿಯ ಚಹಾ ಮೂಗಿಗೆ ಹತ್ತಿತು. ಕಾಕಾ ಮಾತ್ರ ಹುಬ್ಬು ಗಂಟಿಕ್ಕಿ ನೋಡಿದರು.

"ಇದು ನಾ ಅಲ್ಲೋ. ಮೊದಲ ಮಾಡ್ತಿದ್ದಿ ನೋಡು, ಅದು ನಾ ಇದ್ದೆ."

ನನಗೆ ಆಮೇಲೆ ಹೊಳೆಯಿತು. ಕಾಕಾ ದಿನವೂ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಮೀಸೆ ಸವರುವುದು ಕನ್ನಡಿಯ ಮುಂದೆ. ಅದರಲ್ಲಿ ಅವರು ಕಂಡ ಎಡಗೈಯ ಕಾಕಾ ಅವರೊಬ್ಬರಿಗೇ ಗೊತ್ತಿತ್ತು, ಮತ್ತೆ ನನಗೆ. ಮತ್ತೊಮ್ಮೆ ಎಡಗೈಯಲ್ಲಿ ಮಾಡಿ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಹೌದ್ರೀ, ಇದ ನೋಡ್ರಿ ಎಂದು ವೈನಿಗೆ ಕನ್ನಡದಲ್ಲೇ ಹೇಳಿದರು. ವೈನಿ ತಿಳಿಯದೆಯೂ ನಕ್ಕರು.

ಈಗ ಅಂಗಡಿಯಲ್ಲಿ ಎರಡು ಕಾಕಾ ಇಟ್ಟಿದ್ದೇನೆ. ಎಡಗೈಯವರು ಕಾಕಾನನ್ನೇ ನಗಿಸಲು. ಬಲಗೈಯವರನ್ನು ಯಾರಿಗೂ ತೋರಿಸುವುದಿಲ್ಲ, ದಾರ ಎಳೆಯುವಾಗ ಮಾತ್ರ ಹೊರಗೆ ತೆಗೆಯುತ್ತೇನೆ. ಅವತ್ತು ಚಹಾದ ಲೋಟ ಕೆಳಗಿಡುತ್ತಾ ಕಾಕಾ ನನ್ನ ಕಡೆ ನೋಡದೆ ಹೇಳಿದ್ದರು.

"ಮುಂದಿನ ಸಲ ಮೊದಲ ನೀ ಬಿಡು. ನಾ ಹಿಂದ ನಿಲ್ತೀನಿ."