ಎರಡು ಕಾರು, ಒಂದು ಲಿಂಬೆಹಣ್ಣು

ಕಾರಿನ ವಿಷಯದಲ್ಲಿ ನನಗೊಂದು ಹುಚ್ಚು. ಇಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗಬೇಕು. ನಮ್ಮ ಕಡೆಯ ಸಣ್ಣ ಕಾರುಗಳನ್ನೆಲ್ಲ ಮುಂದಿನ ಚಕ್ರ ಎಳೆಯುತ್ತದೆ. ಹಿಂದಿನ ಚಕ್ರ ಓಡಿಸುವ ಸೆಡಾನಿನಲ್ಲಿ ಕೂತರೆ ಯಾರೋ ಬೆನ್ನಿಗೆ ಅಂಗೈ ಕೊಟ್ಟು ನೂಕಿದ ಹಾಗೆ. ಹೊಸದನ್ನು ಕೊಳ್ಳುವ ತಾಕತ್ತು ನನಗಿಲ್ಲ. ಹಾಗಾಗಿ ಓಡಿಸಿ ನೋಡಲು ಬಳಸಿದವೆರಡನ್ನು ಗೊತ್ತು ಮಾಡಿಕೊಂಡೆ: ಕುಮಟಾದ ಡಾಕ್ಟರೊಬ್ಬರ ಡೀಸೆಲ್, ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರ ಪೆಟ್ರೋಲ್.

ಆದರೆ ಈ ಸಲ ಕಾರು ಬೇಕಾಗಿದ್ದು ಅಮ್ಮನಿಗೆ. ಶಿರಾಲಿಯ ಮನೆಯಿಂದ ಹೊರಟು ಹೊನ್ನಾವರ ದಾಟುವುದರೊಳಗೆ ಅವಳಿಗೆ ವಾಂತಿ ಶುರು. ಬಸ್ಸು, ರಿಕ್ಷಾ, ನನ್ನ ಹಳೆ ಕಾರು, ಯಾವುದೂ ಆಗಿಬರುತ್ತಿರಲಿಲ್ಲ. ತದಡಿಯಲ್ಲಿರುವ ಚಿಕ್ಕಮ್ಮ ಹಾಸಿಗೆ ಹಿಡಿದ ಮೇಲಂತೂ ಅಕ್ಕತಂಗಿಯರ ಭೇಟಿಯೇ ನಿಂತುಹೋಗಿತ್ತು. ಫೋನಿನಲ್ಲಿ ಅಡುಗೆಯ ಸುದ್ದಿ ಮಾತಾಡಿ ಮುಗಿಸಿ ಅಮ್ಮ ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಕೂತುಬಿಡುತ್ತಿದ್ದಳು. ನನಗದನ್ನು ನೋಡಲಾಗುತ್ತಿರಲಿಲ್ಲ.

ಕಾಗದದ ಮೇಲೆ ತೀರ್ಮಾನ ಸುಲಭವಿತ್ತು. ಡೀಸೆಲ್ಲಿಗೆ ನೂರತೊಂಬತ್ತು ಕುದುರೆಶಕ್ತಿ, ಉದ್ದನೆಯ ಮೈ, ಮೆತ್ತನೆಯ ಸಸ್ಪೆನ್ಷನ್. ಪೆಟ್ರೋಲಿಗೆ ಇನ್ನೂರೈವತ್ತರ ಮೇಲೆ. ನಿಂತಲ್ಲಿಂದ ನೂರರ ವೇಗ ಮುಟ್ಟಲು ಆರೇ ಸೆಕೆಂಡು. ಆದರೆ ನೆಲಕ್ಕಂಟಿದ ಮೈ, ಕಲ್ಲಿನಂಥ ಸಸ್ಪೆನ್ಷನ್. ಮೊದಲನೆಯದು ಅಮ್ಮನಿಗೆ, ಎರಡನೆಯದು ನನ್ನಂಥ ತಲೆಕೆಟ್ಟವರಿಗೆ ಎಂದುಕೊಂಡೆ.

ಡಾಕ್ಟರು ಕಾರನ್ನು ಮನೆಗೇ ತಂದರು. ಓಡಿಸಲು ನಾನು ಕೂತೆ, ಡಾಕ್ಟರು ಹಿಂದೆ, ಅಮ್ಮ ಲಿಂಬೆಹಣ್ಣು ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಹೊಟ್ಟೆ ತೊಳಸಿದಾಗ ಉಗುರು ಚುಚ್ಚಿ ಮೂಸಲು ಅದು. ಕಾರೇನೋ ತೊಟ್ಟಿಲು, ಆದರೆ ತಿರುವು ಬಂದಾಗೆಲ್ಲ ತೂಗಿತು. ಹೊನ್ನಾವರ ಇನ್ನೂ ದೂರವಿದೆ ಎನ್ನುವಾಗಲೇ, “ತಮಾ, ನಿಲ್ಸು, ನಿಲ್ಸು!” ಎಂದಳು ಅಮ್ಮ. ಡಾಕ್ಟರು ಮಾತ್ರೆಗಳ ಹೆಸರು ಹೇಳಿದರು. ಅವನ್ನೆಲ್ಲ ಅಮ್ಮ ನುಂಗಿ ನೋಡಿಯಾಗಿತ್ತು. ಕೈಯಲ್ಲಿದ್ದ ಹಣ್ಣಿನ ತುಂಬ ಉಗುರಿನ ಗುರುತು.

ಮುಂದಿನ ಭಾನುವಾರ ಪೆಟ್ರೋಲ್ ಬಂತು. “ನಾ ಎಂತಕ್ಕೆ? ನೀನೇ ಹೋಗಿ ಬಾ” ಎಂದಳು ಅಮ್ಮ.

“ಹೊನ್ನಾವರ ತನಕ ಬನ್ನಿ ಅಮ್ಮ, ಆಗದಿದ್ರೆ ತಿರುಗಿಸುವಾ” ಎಂದು ವ್ಯಾಪಾರಿ ತಾವೇ ಹಿಂದೆ ಹೋಗಿ ಕೂತರು. ಅಮ್ಮ ಹೊಸ ಲಿಂಬೆಹಣ್ಣು ತಂದು ಅದೇ ಮುಂದಿನ ಸೀಟು ಹತ್ತಿದಳು.

ಊರೊಳಗಿನ ಹಂಪುಗಳಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜದಂತೆ ಇಂಚಿಂಚು ದಾಟಿಸಿದೆ. ಹೆದ್ದಾರಿ ತೆರೆದುಕೊಂಡಿತು. ಮೆಲ್ಲಗೆ ಕಾಲೂರಿದೆನಷ್ಟೇ, ಬೆನ್ನಿಗೆ ಆ ಅಂಗೈ ಬಂತು! ಮೈ ಜುಮ್ಮೆಂದಿತು. ಇಷ್ಟು ಬಲ, ಆದರೂ ಒಂದಿಷ್ಟು ಗಡಿಬಿಡಿಯಿಲ್ಲ. ತಿರುವಿನಲ್ಲಿ ಕಾರು ಒಂದಿಂಚೂ ವಾಲಲಿಲ್ಲ. ಶರಾವತಿ ಸೇತುವೆಯ ಮೇಲೆ ಹೆದರುತ್ತಲೇ ಅಮ್ಮನತ್ತ ನೋಡಿದೆ. ಯಾವಾಗಲೂ ಕಣ್ಣು ಮುಚ್ಚಿಕೊಂಡೇ ದಾಟುವವಳು ನೀರು ನೋಡುತ್ತಿದ್ದಳು.

“ಎಂತ ಆತು ಅಮ್ಮ?”

“ಎಂತೂ ಇಲ್ಲ. ಇನ್ನೊಂಚೂರು ಜೋರು ಬಿಡು.”

ಹಿಂದೆ ವ್ಯಾಪಾರಿ ಗಟ್ಟಿಯಾಗಿ ನಕ್ಕರು. ವರ್ಷಗಟ್ಟಲೆ ಅಂಕಿ ಓದಿದವನು ನಾನು. ಮೆತ್ತಗಿದ್ದದ್ದು ತೂಗಿ ತೂಗಿ ಕೆಡಿಸುತ್ತದೆ, ಗಟ್ಟಿ ಇದ್ದದ್ದು ಅಲುಗದೆ ಕಾಪಾಡುತ್ತದೆ ಎಂದು ಹೊಳೆದೇ ಇರಲಿಲ್ಲ. ಕುಮಟಾ ಬಂತು, ಹೋಯಿತು. “ತದಡಿಗೇ ಹೋಗುವ” ಎಂದಳು ಅಮ್ಮ. ವ್ಯಾಪಾರಿಯೂ “ನಡೀರಿ” ಎಂದರು.

ಮೀನಿನ ದೋಣಿಗಳು ನಿಲ್ಲುವ ಧಕ್ಕೆಯ ಹತ್ತಿರವೇ ಚಿಕ್ಕಮ್ಮನ ಮನೆ. ಅಕ್ಕನ ದನಿ ಕೇಳಿದ್ದೇ ತಡ, ಮಲಗಿದಲ್ಲಿಂದಲೇ ಸೊಸೆಯನ್ನು ಕೂಗಿದಳು: “ಅಕ್ಕ ಬಂದ್ಲು, ಬಾಯಿ ತೊಳೂಕೆ ನೀರು ಕೊಡೇ!” ಮೊದಲೆಲ್ಲ ಅಪರೂಪಕ್ಕೆ ಅಕ್ಕ ವಾಂತಿ ಮಾಡಿಕೊಂಡು ಬಂದಿಳಿಯುವ ದಿನ ಅವಳೇ ತಂಬಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಮ್ಮ ತಂಬಿಗೆ ಎತ್ತಿ ಆ ನೀರನ್ನು ಗಟಗಟ ಕುಡಿದಳು. ಆಮೇಲೆ ಹಾಸಿಗೆಯ ಅಂಚಿಗೆ ಕೂತು ಲಿಂಬೆಹಣ್ಣನ್ನು ತಂಗಿಯ ಕೈಗಿಟ್ಟಳು.

“ಮೀನಿಗೆ ಹಿಂಡ್ಸು.”

ಚಿಕ್ಕಮ್ಮ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದೇ ಒಂದು ಉಗುರಿನ ಗುರುತೂ ಇರಲಿಲ್ಲ.